ಮೀನು ಸಾರಿನ ಮೆಣಸು: ಒಂದು ತಿದ್ದುಪಡಿ

ಹಡಗಿನಲ್ಲಿ ಉದ್ಯೋಗದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಇಟಲಿಯ ನೇಪಲ್ಸ್ ಬಂದರಿನಿಂದ ದೂರವಾಣಿ ಮಾಡಿದ್ದ. ತಾಜಾ ಮೀನು, ಟೊಮೇಟೊ, ಬೆಳ್ಳುಳ್ಳಿ ಹಾಕಿದ ಪಾಸ್ತಾ ಉಂಡನಂತೆ. "ಮಾಸ್ತರರೇ, ರುಚಿ ಇತ್ತು. ಆದರೆ ಅವರ ಟೊಮೇಟೊ ಪರದೇಶದ್ದು. ನಮ್ಮ ಮೀನು ಸಾರಿನಲ್ಲಿ ಹೊರಗಿನದೇನೂ ಇಲ್ಲ. ನೀವೇ ಹೇಳಿದ್ದಿರಲ್ಲ?" ಎಂದ.

ಹೌದು, ನಾನೇ ಹೇಳಿದ್ದೆ. ಉಪ್ಪಿನ ಸತ್ಯಾಗ್ರಹದ ಪಾಠ ಮಾಡುವಾಗಲೆಲ್ಲ, ಭಾವಿಕೇರಿಯ ನಮ್ಮ ಮನೆಯ ಗಡಿಗೆಯಲ್ಲಿ ಬೇಯುವುದೆಲ್ಲ ಈ ಮಣ್ಣಿನದೇ ಎಂದು ಅಭಿಮಾನದಿಂದ ಸಾರುತ್ತಿದ್ದೆ. ಆ ಪಾಠದಲ್ಲೊಂದು ತಪ್ಪಿತ್ತು. ಅದನ್ನು ಇಂದು ತಿದ್ದುತ್ತಿದ್ದೇನೆ.

ನಮ್ಮ ಅಜ್ಜಿ ಬಂಗಡೆ ಸಾರು ಮಾಡುತ್ತಿದ್ದ ಕ್ರಮ ನನಗಿನ್ನೂ ಕಣ್ಣಿಗೆ ಕಟ್ಟಿದಂತಿದೆ. ತೆಂಗಿನತುರಿ, ಒಣಮೆಣಸು, ಕೊತ್ತಂಬರಿ, ಅರಿಶಿನಗಳನ್ನು ಒರಳಿನಲ್ಲಿ ನುಣ್ಣಗೆ ರುಬ್ಬಿ, ಮುರುಗಲು ಸಿಪ್ಪೆಯ ಹುಳಿ ಬಿಟ್ಟು, ಜಜ್ಜಿದ ತೆಪ್ಪಲದ ಕಾಯಿ ಹಾಕಿ ಕುದಿಸುವಳು. ಮೀನು ಬಿದ್ದ ಮೇಲೆ ಸೌಟು ಆಡಿಸುವಂತಿಲ್ಲ. ಗಡಿಗೆಯನ್ನೇ ಹಿಡಿದು ಮೆಲ್ಲಗೆ ಅಲುಗಿಸಬೇಕು. ಒಮ್ಮೆ ಸೊಸೆ ಟೊಮೇಟೊ ಹೆಚ್ಚಲು ಕುಳಿತಾಗ, "ಮುರುಗಲು ಇರುವಾಗ ಆ ಪರದೇಶಿ ಹಣ್ಣು ಯಾಕೆ?" ಎಂದು ಗದರಿದ್ದಳು.

ಆದರೆ ಅಜ್ಜಿ ಮುಷ್ಟಿ ತುಂಬ ಹಾಕುತ್ತಿದ್ದ ಒಣಮೆಣಸೂ ಟೊಮೇಟೊದಂತೆಯೇ ಅಮೆರಿಕ ಖಂಡದ್ದು! 1492ರಲ್ಲಿ ಕೊಲಂಬಸ್ ಅತ್ತ ಹೋಗುವ ಮೊದಲು ಭಾರತದಲ್ಲಾಗಲಿ ಇಟಲಿಯಲ್ಲಾಗಲಿ ಅವೆರಡನ್ನೂ ಕಂಡವರಿರಲಿಲ್ಲ. 1498ರಲ್ಲಿ ಕಲ್ಲಿಕೋಟೆಗೆ ಬಂದ ವಾಸ್ಕೋ ಡ ಗಾಮ ಮರಳುವಾಗ ಕಾರವಾರದೆದುರಿನ ಅಂಜದೀವ ದ್ವೀಪದಲ್ಲಿ ತಂಗಿದ್ದ. 1510ರಲ್ಲಿ ಗೋವೆ ಪೋರ್ಚುಗೀಸರ ವಶವಾಯಿತು. ಆ ಶತಮಾನದಲ್ಲೇ ಅವರ ವ್ಯಾಪಾರದ ಹಾದಿಯಲ್ಲಿ ಈ ಕಾಯಿ ನಮ್ಮ ಕರಾವಳಿಗೆ ಇಳಿಯಿತು.

ಅದಕ್ಕೂ ಮೊದಲು ಇಲ್ಲಿಯ ಖಾರವೆಂದರೆ ಕಾಳುಮೆಣಸು ಮತ್ತು ಶುಂಠಿ. ಪೋರ್ಚುಗೀಸರು ಸಮುದ್ರ ದಾಟಿದ್ದೇ ಆ ಕಾಳಿಗಾಗಿ. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಅವರು 'ಮೆಣಸಿನ ರಾಣಿ' ಎಂದೇ ಕರೆದರು. ನಮ್ಮ ಭಾಷೆಯೂ ಇದಕ್ಕೆ ಸಾಕ್ಷಿ ನುಡಿಯುತ್ತದೆ. ಮೆಣಸು ಎಂಬುದು ಮೂಲತಃ ಆ ಬಳ್ಳಿಯ ಕಾಳಿನ ಹೆಸರು. ಹೊಸ ಕಾಯಿ ಬಂದಾಗ ಅದಕ್ಕೆ 'ಮೆಣಸಿನಕಾಯಿ' ಎಂದೆವು. ಕೊನೆಗೆ ಅತಿಥಿಗೇ 'ಮೆಣಸು' ಎಂಬ ಹೆಸರು ಬಿಟ್ಟುಕೊಟ್ಟು, ಮನೆಯವನನ್ನು 'ಕಾಳುಮೆಣಸು' ಎಂದು ಬೇರೆಯಾಗಿ ಗುರುತಿಸಬೇಕಾಯಿತು.

ಇಟಲಿಯ ಕಥೆಯೂ ಇಂಥದೇ. 16ನೆಯ ಶತಮಾನದಲ್ಲಿ ಅಲ್ಲಿಗೆ ಬಂದ ಟೊಮೇಟೊವನ್ನು ಜನ ಬಹುಕಾಲ ಸಂಶಯದಿಂದಲೇ ನೋಡಿದರು. ಪಾಸ್ತಾದೊಂದಿಗೆ ಅದರ ನಂಟು ಗಟ್ಟಿಯಾದದ್ದು 19ನೆಯ ಶತಮಾನದಲ್ಲಿ. ಹಾಗೆ ನೋಡಿದರೆ ನಾವೇ ಬೇಗ ಬಾಗಿಲು ತೆರೆದವರು.

ಹಾಗಾದರೆ ಉಪ್ಪಿನ ಪಾಠ ಸುಳ್ಳೇ? ಅಲ್ಲ. 1930ರ ಏಪ್ರಿಲ್ 13ರಂದು ಅಂಕೋಲೆಯಲ್ಲಿ ಎಂ. ಪಿ. ನಾಡಕರ್ಣಿಯವರ ಮುಂದಾಳ್ತನದಲ್ಲಿ ನಮ್ಮ ಹಿರಿಯರು ಕಾಯಿದೆ ಮುರಿದರು. ಅವರು ವಿರೋಧಿಸಿದ್ದು ಹೊರಗಿನಿಂದ ಬಂದ ಪದಾರ್ಥವನ್ನಲ್ಲ, ಬಡವನ ಗಂಜಿಯ ಉಪ್ಪಿನ ಮೇಲೆ ಹೇರಿದ ಕರವನ್ನು. ಈ ಭೇದವನ್ನು ತರಗತಿಯಲ್ಲಿ ನಾನು ಸ್ಪಷ್ಟಪಡಿಸಲಿಲ್ಲ.

ಅಂದು ನನ್ನೆದುರು ಕುಳಿತಿದ್ದವರೆಲ್ಲ ದಯವಿಟ್ಟು ಟಿಪ್ಪಣಿ ತಿದ್ದಿಕೊಳ್ಳಿ. ಮುರುಗಲು, ತೆಪ್ಪಲ, ಉಪ್ಪು ನಮ್ಮವು. ಮೆಣಸಿನಕಾಯಿ ಬಂದು ನಮ್ಮದಾದದ್ದು. ಆದರೂ ನಮ್ಮ ಮನೆಯ ಮೀನು ಸಾರಿಗೆ ಇಂದಿಗೂ ಟೊಮೇಟೊ ಬೀಳುವುದಿಲ್ಲ. ಅಜ್ಜಿಯ ಮಾತನ್ನು ಮೀರುವ ಧೈರ್ಯ ಇತಿಹಾಸ ಓದಿದವನಿಗೂ ಬಂದಿಲ್ಲ.