ಸಮುದಾಯ ಒಡೆತನದ ವಿದ್ಯುತ್

ಊರಿನವರೇ ಒಟ್ಟಾಗಿ ತಮ್ಮ ಸುತ್ತಲಿನ ಬಿಸಿಲು, ಸಗಣಿ, ಸೌದೆ, ಹರಿಯುವ ನೀರು ಅಥವಾ ಗಾಳಿಯಿಂದ ವಿದ್ಯುತ್ ತಯಾರಿಸಿ, ಅದರ ಯಂತ್ರ, ಹಣಕಾಸು, ನಿರ್ವಹಣೆಗಳನ್ನು ತಮ್ಮ ಕೈಯಲ್ಲೇ ಇಟ್ಟುಕೊಳ್ಳುವ ವ್ಯವಸ್ಥೆಯನ್ನು ಸಮುದಾಯ ಒಡೆತನದ ವಿದ್ಯುತ್ ಎನ್ನುತ್ತಾರೆ. ಒಡೆತನ ಸಹಕಾರ ಸಂಘದ್ದಾಗಿರಬಹುದು, ಗ್ರಾಮ ಪಂಚಾಯಿತಿಯದಾಗಿರಬಹುದು, ಊರವರೇ ಆರಿಸಿಕೊಂಡ ಸಮಿತಿಯದೂ ಆಗಿರಬಹುದು. ಇದಕ್ಕೂ ವಿಕೇಂದ್ರೀಕರಣಕ್ಕೂ ನಂಟಿದ್ದರೂ ಎರಡೂ ಒಂದೇ ಅಲ್ಲ. ವಿದ್ಯುತ್ ಎಲ್ಲಿ ಹುಟ್ಟುತ್ತದೆ ಎಂಬುದು ವಿಕೇಂದ್ರೀಕರಣದ ಪ್ರಶ್ನೆ. ಅದು ಯಾರದು ಎಂಬುದು ಒಡೆತನದ ಪ್ರಶ್ನೆ. ಹೊಲದ ಪಕ್ಕದಲ್ಲೇ ಸೌರಫಲಕ ನಿಂತಿದ್ದರೂ ಅದರ ಲಾಭ ದೂರದ ಕಂಪನಿಗೆ ಹೋಗುವುದು ಸಾಧ್ಯ. ಕರ್ನಾಟಕದ ಅನುಭವವನ್ನು ಅರಿಯಲು ಈ ವ್ಯತ್ಯಾಸವನ್ನು ನೆನಪಿಡಬೇಕು.

ರಾಜ್ಯದ ವಿದ್ಯುತ್ ಇತಿಹಾಸ ಮೊದಲಿನಿಂದಲೂ ದೂರದ ಸಾಗಣೆಯ ಇತಿಹಾಸ. 1902ರಲ್ಲಿ ಶಿವನಸಮುದ್ರದಲ್ಲಿ ಉತ್ಪಾದನೆಯಾದ ವಿದ್ಯುತ್ ಸುಮಾರು 147 ಕಿ.ಮೀ. ತಂತಿಯಲ್ಲಿ ಹರಿದು ಕೋಲಾರದ ಚಿನ್ನದ ಗಣಿಗೆ ಹೋಯಿತು. ಬೆಂಗಳೂರಿನ ಬೀದಿಗಳಲ್ಲಿ ದೀಪ ಬೆಳಗಿದ್ದು 1905ರಲ್ಲಿ. ಆಮೇಲೆ ಜೋಗ, ಶರಾವತಿ, ರಾಯಚೂರಿನ ಶಾಖೋತ್ಪನ್ನ ಸ್ಥಾವರ ಹೀಗೆ ದೊಡ್ಡ ಕೇಂದ್ರಗಳು ಒಂದೊಂದಾಗಿ ಬಂದವು. 1957ರಲ್ಲಿ ವಿದ್ಯುತ್ ಮಂಡಳಿ ಸ್ಥಾಪನೆಯಾಯಿತು. 1999ರಲ್ಲಿ ಕೆಪಿಟಿಸಿಎಲ್, 2002ರಲ್ಲಿ ಬೆಸ್ಕಾಂ ಮೊದಲಾದ ವಿತರಣಾ ಕಂಪನಿಗಳು ಬಂದವು. ಹೆಸರು ಬದಲಾದರೂ ಹಳ್ಳಿಯವರ ಬಾಯಲ್ಲಿ ಅದು ಇವತ್ತಿಗೂ ಹಳೆಯ ಮಂಡಳಿಯ ಹೆಸರಾದ ಕೆಇಬಿಯೇ. ಈ ವ್ಯವಸ್ಥೆ ಲಕ್ಷಾಂತರ ಮನೆಗಳಿಗೆ ಬೆಳಕು ತಂದಿತು. ಆದರೆ ತಂತಿಯ ಕೊನೆಯಲ್ಲಿರುವ ಊರು ಅದರಲ್ಲಿ ಗ್ರಾಹಕನಾಗಿ ಮಾತ್ರ ಉಳಿಯಿತು. ಕರೆಂಟು ಯಾವಾಗ ಬರಬೇಕು, ಎಷ್ಟು ಹೊತ್ತು ಇರಬೇಕು ಎಂಬುದು ಬೇರೆಡೆ ತೀರ್ಮಾನವಾಗುತ್ತಿತ್ತು.

ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಮಾಕಳಿದುರ್ಗ ಅಂಥ ಪ್ರದೇಶಗಳಲ್ಲೊಂದು. ದೊಡ್ಡಬಳ್ಳಾಪುರದಿಂದ ಗೌರಿಬಿದನೂರಿಗೆ ಹೋಗುವ ರೈಲುದಾರಿಯ ಮಗ್ಗುಲಲ್ಲಿ ಕೋಟೆ ಹೊತ್ತ ಬೆಟ್ಟ, ಕೆಳಗೆ ರಾಗಿ, ಜೋಳ, ಹಿಪ್ಪುನೇರಳೆಯ ಹೊಲಗಳು. ಇಲ್ಲಿನ ಬೇಸಾಯ ಕೊಳವೆಬಾವಿಯನ್ನೂ, ಕೊಳವೆಬಾವಿ ತ್ರೀಫೇಸ್ ಕರೆಂಟನ್ನೂ ನಂಬಿಕೊಂಡಿದೆ. ನೀರು ಆಳಕ್ಕೆ ಇಳಿದಷ್ಟೂ ಅದನ್ನು ಮೇಲೆತ್ತಲು ಹೆಚ್ಚು ವಿದ್ಯುತ್ ಬೇಕು. ತಾಲ್ಲೂಕು ಕೇಂದ್ರ ದೊಡ್ಡಬಳ್ಳಾಪುರದಲ್ಲಿ ವಿದ್ಯುತ್ ಮಗ್ಗಗಳನ್ನೇ ನಂಬಿದ ನೇಕಾರ ಕುಟುಂಬಗಳಿವೆ. ಅಲ್ಲಿ ಕರೆಂಟು ಹೋದರೆ ಆ ಹೊತ್ತಿನ ಕೂಲಿಯೂ ಹೋಯಿತು. ಪಂಪ್‌ಸೆಟ್ಟಿಗೂ ಮಗ್ಗಕ್ಕೂ ಹಗಲಿನ ಕರೆಂಟು ಒದಗಿದರೆ ಅನುಕೂಲ, ಬಿಸಿಲು ಸಿಗುವುದೂ ಹಗಲಿನಲ್ಲೇ. ಈ ಭಾಗದಲ್ಲಿ ಸ್ಥಳೀಯ ವಿದ್ಯುತ್ತಿನ ಮಾತಿಗೆ ಬಲ ಬರುವುದು ಈ ಹೊಂದಾಣಿಕೆಯಿಂದ.

ಸಮುದಾಯ ವಿದ್ಯುತ್ತಿನ ಆಳವಾದ ಪ್ರಯೋಗಗಳು ನಡೆದದ್ದು ಇಲ್ಲಿಗೆ ನೆರೆಯ ತುಮಕೂರು ಜಿಲ್ಲೆಯಲ್ಲಿ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳತ್ವದಲ್ಲಿ ಹುಟ್ಟಿದ ಅಸ್ತ್ರ ಎಂಬ ಗ್ರಾಮೀಣ ತಂತ್ರಜ್ಞಾನ ಘಟಕವು ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ವಿಸ್ತರಣಾ ಕೇಂದ್ರ ತೆರೆದು, ಅದರ ಸುತ್ತಲಿನ ಹಳ್ಳಿಗಳಲ್ಲಿ ಯಾವ ಇಂಧನ ಎಲ್ಲಿಂದ ಬರುತ್ತದೆ, ಯಾರ ದುಡಿಮೆಯಿಂದ ಬರುತ್ತದೆ ಎಂದು ಮನೆಮನೆಯ ಲೆಕ್ಕ ತೆಗೆಯಿತು. ಸೌದೆ ತರುವುದರಲ್ಲಿ, ನೀರು ಹೊರುವುದರಲ್ಲಿ ಹೆಂಗಸರ, ಮಕ್ಕಳ ದಿನ ಕರಗುತ್ತಿತ್ತು ಎಂಬುದನ್ನು ಆ ಲೆಕ್ಕ ಎತ್ತಿ ತೋರಿಸಿತು.

ಅದೇ ತಾಲ್ಲೂಕಿನ ಪುರ ಎಂಬ ಸಣ್ಣ ಹಳ್ಳಿಯಲ್ಲಿ ಊರಿಗೆಲ್ಲ ಒಂದೇ ಗೋಬರ್ ಗ್ಯಾಸ್ ಸ್ಥಾವರ ಕಟ್ಟಲಾಯಿತು. ಮೊದಲ ಯೋಜನೆ ಅಡುಗೆಗೆ ಅನಿಲ ಕೊಡುವುದು. ಅದು ಕೈಗೂಡಲಿಲ್ಲ: ಊರಿನ ದನಗಳ ಸಗಣಿಯಿಂದ ಎಲ್ಲರ ಒಲೆಗೂ ಸಾಲುವಷ್ಟು ಅನಿಲ ಸಿಗಲಿಲ್ಲ. ಅರೆಹೊಟ್ಟೆಯ ಒಲೆ ಯಾರಿಗೂ ಬೇಡವಾಯಿತು. 1987ರಲ್ಲಿ ದಾರಿ ಬದಲಿಸಿ, ಅದೇ ಅನಿಲವನ್ನು ಸ್ವಲ್ಪ ಡೀಸೆಲ್ ಬೆರೆಸಿ ಓಡುವ ಎಂಜಿನ್ನಿಗೆ ಹಾಯಿಸಿ 5 ಕಿಲೋವಾಟ್ ಜನರೇಟರ್ ನಡೆಸಲಾಯಿತು. ಅದರಿಂದ ಕೊಳವೆಬಾವಿಯ ನೀರು ನಲ್ಲಿಗೆ ಬಂತು, ಮನೆಗಳಿಗೆ ಟ್ಯೂಬ್‌ಲೈಟ್ ಬಂತು. ಅಡುಗೆಗೆ ಸಾಲದ ಅನಿಲ ನೀರಿಗೂ ಬೆಳಕಿಗೂ ಧಾರಾಳವಾಯಿತು.

ಪುರದ ವ್ಯವಸ್ಥೆಯ ಜಾಣತನವಿದ್ದದ್ದು ಕೊಡುಕೊಳ್ಳುವಿಕೆಯಲ್ಲಿ. ಪ್ರತಿ ಮನೆಯವರು ಬೆಳಿಗ್ಗೆ ಸಗಣಿ ತಂದು ತೂಗಿಸಬೇಕು. ತಂದವರಿಗೆ ಕಿಲೋಗೆ 2 ಪೈಸೆಯಂತೆ ಸಲ್ಲುತ್ತಿತ್ತು. ಅನಿಲ ತೆಗೆದ ಮೇಲೆ ಉಳಿದ ಬಗ್ಗಡ ತಂದ ಪಾಲಿಗೆ ತಕ್ಕಂತೆ ಅವರಿಗೇ ಗೊಬ್ಬರವಾಗಿ ಮರಳುತ್ತಿತ್ತು. ಹಾಗಾಗಿ ಸಗಣಿ ಕೊಟ್ಟವರ ತಿಪ್ಪೆಗೆ ನಷ್ಟವಿರಲಿಲ್ಲ. ದೀಪಕ್ಕೂ ನಲ್ಲಿಗೂ ತಿಂಗಳಿಗೆ ಇಷ್ಟೆಂದು ನಿಗದಿಯಾದ ಹಣ ಕಟ್ಟಬೇಕಿತ್ತು. ಸ್ಥಾವರ ನಡೆಸುತ್ತಿದ್ದವರು ಊರಿನ ಯುವಕರು, ಉಸ್ತುವಾರಿ ಗ್ರಾಮದ ಸಮಿತಿಯದು. ಹಂಚಿಕೆಯ ಆಸ್ತಿಯನ್ನು ಪ್ರತಿಯೊಬ್ಬರೂ ಸುಲಿದು ಹಾಳುಮಾಡುತ್ತಾರೆ ಎಂಬ ವಾದಕ್ಕೆ ಅಮೂಲ್ಯ ರೆಡ್ಡಿ ಪುರವನ್ನೇ ಉತ್ತರವಾಗಿ ಮುಂದಿಟ್ಟರು. ಮನೆಗಳು ಸಗಣಿ ಕೊಡುವುದನ್ನು ನಿಲ್ಲಿಸಿದರೆ ಎಂಜಿನ್ ನಿಲ್ಲುತ್ತದೆ, ಎಂಜಿನ್ ನಿಂತರೆ ಆ ಮನೆಗಳ ನಲ್ಲಿಯೂ ಒಣಗುತ್ತದೆ. ಅಲ್ಲಿ ತನ್ನ ಹಿತವೂ ಊರಿನ ಹಿತವೂ ಒಂದೇ ಗಂಟಿನಲ್ಲಿ ಬಿದ್ದಿದ್ದವು. ಅರ್ಥಶಾಸ್ತ್ರದ ಎಷ್ಟೋ ಸಿದ್ಧಾಂತಗಳಿಗಿಂತ ಈ ಸಗಣಿಯ ತಕ್ಕಡಿ ಹೆಚ್ಚು ಕಲಿಸುತ್ತದೆ. ಹಲವು ವರ್ಷ ಚೆನ್ನಾಗಿ ನಡೆದ ಈ ವ್ಯವಸ್ಥೆ ಮುಂದೆ ನಿಂತುಹೋಯಿತು. ಆದರೂ ಹಳ್ಳಿಯ ಜನ ವಿದ್ಯುತ್ ಸ್ಥಾವರವನ್ನು ನಡೆಸಬಲ್ಲರು ಎಂಬುದು ಅಷ್ಟರಲ್ಲಿ ಸಾಬೀತಾಗಿತ್ತು.

ಕುಣಿಗಲ್ ತಾಲ್ಲೂಕಿನದೇ ಹೊಸಹಳ್ಳಿಯಲ್ಲಿ ಸೌದೆ ಇಂಧನವಾಯಿತು. ಸುಮಾರು 35 ಮನೆಗಳಿದ್ದ, ವಿದ್ಯುತ್ ಸಂಪರ್ಕವಿಲ್ಲದ ಆ ಊರಿನಲ್ಲಿ 1988ರಲ್ಲಿ ಗ್ಯಾಸಿಫೈಯರ್ ಚಾಲೂ ಆಯಿತು. ಕಡಿಮೆ ಗಾಳಿಯಲ್ಲಿ ಸೌದೆಯನ್ನು ಸುಟ್ಟರೆ ಬರುವ ಅನಿಲವನ್ನು ತಣಿಸಿ, ಸೋಸಿ ಎಂಜಿನ್ನಿಗೆ ಕೊಡುವುದು ಈ ಯಂತ್ರದ ಕೆಲಸ. ಮೊದಲು 3.7 ಕಿಲೋವಾಟ್ ಇದ್ದ ಸಾಮರ್ಥ್ಯವನ್ನು ಮುಂದೆ 20 ಕಿಲೋವಾಟ್‌ಗೆ ಏರಿಸಲಾಯಿತು. ಕಾಡಿನ ಮೇಲೆ ಹೊರೆ ಬೀಳದಂತೆ ಊರಿನ ಬೀಳು ಜಾಗದಲ್ಲಿ ಇದಕ್ಕೆಂದೇ ಗಿಡ ಬೆಳೆಸಿದರು. ದೀಪ, ಕುಡಿಯುವ ನೀರು, ಹಿಟ್ಟಿನ ಗಿರಣಿ, ಕೊನೆಗೆ ನೀರಾವರಿ ಎಲ್ಲವೂ ಅದರಿಂದ ನಡೆದವು. ಹತ್ತು ವರ್ಷಕ್ಕೂ ಮೀರಿ ಬಾಳಿದ ಈ ಪ್ರಯೋಗದ ದಾಖಲೆಗಳನ್ನು ಎನ್.ಎಚ್. ರವೀಂದ್ರನಾಥ್ ಮತ್ತು ಸಂಗಡಿಗರು ಪ್ರಕಟಿಸಿದ್ದಾರೆ.

ಇದರ ಬೆನ್ನಲ್ಲೇ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ನೆರವಿನಿಂದ ತುಮಕೂರು ಜಿಲ್ಲೆಯ 24 ಹಳ್ಳಿಗಳಲ್ಲಿ ಜೀವರಾಶಿ ಇಂಧನ ಯೋಜನೆ ಆರಂಭವಾಯಿತು. ದೊಡ್ಡಬಳ್ಳಾಪುರ ತಾಲ್ಲೂಕಿಗೆ ನೆರೆಯ ಕೊರಟಗೆರೆ ತಾಲ್ಲೂಕಿನ ಕಬ್ಬಿಗೆರೆಯಲ್ಲಿ ಒಟ್ಟು 500 ಕಿಲೋವಾಟ್‌ನ ಗ್ಯಾಸಿಫೈಯರ್ ಸ್ಥಾವರ ನಿಂತು, 2007ರಿಂದ ಬೆಸ್ಕಾಂ ಜಾಲಕ್ಕೆ ವಿದ್ಯುತ್ ಕೊಟ್ಟಿತು. ಒಂದು ಗ್ರಾಮ ಪಂಚಾಯಿತಿ ವಿದ್ಯುತ್ ಮಾರಾಟಗಾರನಾದದ್ದು ಅಪರೂಪದ ಸಂಗತಿ. ಆದರೆ ಯೂನಿಟ್ಟಿಗೆ ಸಿಗುತ್ತಿದ್ದ ಬೆಲೆ 2.85 ರೂಪಾಯಿ. ಸೌದೆ ಕಡಿದು, ಒಣಗಿಸಿ, ತುಂಡು ಮಾಡಿ, ಯಂತ್ರದ ಟಾರ್ ತೆಗೆದು ನಡೆಸುವ ಖರ್ಚಿಗೆ ಅದು ಸಾಲುವ ಬೆಲೆಯಲ್ಲ. ಪುರದಲ್ಲಿ ಊರು ತನ್ನ ಕರೆಂಟನ್ನು ತಾನೇ ಬಳಸುತ್ತಿತ್ತು. ಕಬ್ಬಿಗೆರೆಯಲ್ಲಿ ಅದು ದೊಡ್ಡ ಕೇಂದ್ರಗಳ ಬೆಲೆಯ ಎದುರು ಮಾರಬೇಕಾಯಿತು.

ಹಂಚಿಕೆಯಲ್ಲಿ ಸಮುದಾಯದ ಒಡೆತನಕ್ಕೆ ರಾಜ್ಯದ ಹಳೆಯ ಉದಾಹರಣೆ ಬೆಳಗಾವಿ ಜಿಲ್ಲೆಯ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರ ಸಂಘ. ಅಮೆರಿಕದ ಗ್ರಾಮೀಣ ವಿದ್ಯುತ್ ಸಹಕಾರಿಗಳ ಮಾದರಿಯಲ್ಲಿ ದೇಶದಲ್ಲಿ ಮೊದಲು ಆರಂಭಿಸಿದ ಐದು ಸಂಘಗಳಲ್ಲಿ ಇದೂ ಒಂದು, ನೋಂದಣಿ 1969. ಅದೇ ಗುಂಪಿನ ಮಹಾರಾಷ್ಟ್ರದ ಮುಳಾ-ಪ್ರವರಾ ಸಂಘ 2011ರಲ್ಲಿ ವಿತರಣೆಯನ್ನು ಬಿಟ್ಟುಕೊಡಬೇಕಾಯಿತು, ಹುಕ್ಕೇರಿ ಉಳಿದುಕೊಂಡಿತು. ಸಂಘ ಹಂಚುವ ವಿದ್ಯುತ್ ಹೊರಗಿನಿಂದ ಕೊಂಡದ್ದು, ಹೀಗಾಗಿ ಇದು ನವೀಕರಿಸಬಹುದಾದ ಇಂಧನದ ಕಥೆಯಲ್ಲ. ಆದರೆ ಕಂಬ, ತಂತಿ, ಬಿಲ್ಲು, ವಸೂಲಿಗಳನ್ನು ಸದಸ್ಯರ ಸಂಘವೊಂದು ಅರ್ಧ ಶತಮಾನ ನಿಭಾಯಿಸಬಲ್ಲದು ಎಂಬುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷ್ಯ ರಾಜ್ಯದಲ್ಲಿಲ್ಲ.

ಸೌರಫಲಕದ ಬೆಲೆ ಇಳಿಯುತ್ತಿದ್ದಂತೆ ಗಮನ ಬಿಸಿಲಿನ ಕಡೆ ತಿರುಗಿತು. 2014ರಲ್ಲಿ ರಾಜ್ಯ ಸರ್ಕಾರ ಘೋಷಿಸಿದ ಸೂರ್ಯ ರೈತ ಯೋಜನೆಯಡಿ ಕನಕಪುರ ತಾಲ್ಲೂಕಿನ ಹಾರೋಬೆಲೆ ಫೀಡರಿನ ರೈತರ ಪಂಪ್‌ಸೆಟ್ಟುಗಳಿಗೆ ಫಲಕ ಜೋಡಿಸಿದರು. ನೀರೆತ್ತಿ ಮಿಕ್ಕಿದ ವಿದ್ಯುತ್ತನ್ನು ಬೆಸ್ಕಾಂ ಕೊಳ್ಳಬೇಕು, ರೈತರ ಪರವಾಗಿ ಅವರ ಸಹಕಾರ ಸಂಘ ವ್ಯವಹರಿಸಬೇಕು ಎಂಬುದು ಕಲ್ಪನೆ. ಇದರ ಹಿಂದೆ ಅಂತರ್ಜಲದ ಕಾಳಜಿಯೂ ಇತ್ತು. ಮಾರಿದ ಯೂನಿಟ್ಟಿಗೆ ಹಣ ಸಿಗುವಾಗ ರೈತ ಪಂಪನ್ನು ಸುಮ್ಮನೆ ಓಡಿಸುವುದಿಲ್ಲ. ಗುಜರಾತಿನ ಖೇಡಾ ಜಿಲ್ಲೆಯ ಧುಂಡಿ ಎಂಬಲ್ಲಿ 2016ರಲ್ಲಿ ಆರು ಮಂದಿ ರೈತರಿಂದ ಕೆಲಸ ಆರಂಭಿಸಿದ ಸೌರ ನೀರಾವರಿ ಸಹಕಾರ ಸಂಘವೂ ಇದೇ ತತ್ವದ ಮೇಲೆ ನಿಂತಿದೆ.

ಅದೇ ಕಾಲದಲ್ಲಿ ಪಾವಗಡದಲ್ಲಿ ತಿರುಮಣಿ, ವಳ್ಳೂರು ಮೊದಲಾದ ಐದು ಊರುಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸೌರ ಉದ್ಯಾನ ಎದ್ದಿತು. ಅಲ್ಲಿ ರೈತರು ಭೂಮಿ ಮಾರದೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆ ಕೊಟ್ಟರು. ಬರಪೀಡಿತ ಸೀಮೆಗೆ ಅದು ನಿಶ್ಚಿತ ಆದಾಯ. ಆದರೂ ಭೂಮಿಯಿದ್ದವನಿಗೆ ಬಾಡಿಗೆ, ಇಲ್ಲದ ಕೂಲಿಯವನಿಗೆ ಇದ್ದ ಹೊಲಗೆಲಸವೂ ಇಲ್ಲ. ಸ್ಥಾವರದ ಲಾಭನಷ್ಟದಲ್ಲಿ ಊರಿಗೆ ಪಾಲಿಲ್ಲ.

2019ರಲ್ಲಿ ಆರಂಭವಾದ ಕೇಂದ್ರದ ಪಿಎಂ-ಕುಸುಮ್ ಯೋಜನೆ ಇವೆರಡರ ನಡುವಿನ ದಾರಿ. ಅದರ ಎ ವಿಭಾಗದಲ್ಲಿ ರೈತರು, ಸಹಕಾರ ಸಂಘಗಳು, ಪಂಚಾಯಿತಿಗಳು 500 ಕಿಲೋವಾಟ್‌ನಿಂದ 2 ಮೆಗಾವಾಟ್‌ವರೆಗಿನ ಸ್ಥಾವರ ಕಟ್ಟಬಹುದು. ಸಿ ವಿಭಾಗದಲ್ಲಿ ಸಬ್‌ಸ್ಟೇಷನ್ ಪಕ್ಕದ ಸೌರ ಸ್ಥಾವರದಿಂದ ಕೃಷಿ ಫೀಡರಿಗೆ ಹಗಲು ವಿದ್ಯುತ್ ಕೊಡಲಾಗುತ್ತದೆ. ಕರ್ನಾಟಕದಲ್ಲಿ ಈ ಸಿ ವಿಭಾಗಕ್ಕೆ 2025ರ ಜೂನ್‌ನಲ್ಲಿ ಚಾಲನೆ ಸಿಕ್ಕಿದ್ದು ಗೌರಿಬಿದನೂರು ತಾಲ್ಲೂಕಿನ ತೊಂಡೇಬಾವಿ ಬಳಿ, ಮಾಕಳಿದುರ್ಗವನ್ನು ದಾಟಿ ಹೋಗುವ ಅದೇ ರೈಲುದಾರಿಯ ಮೇಲೆ. ರಾತ್ರಿ ಹಾವುಹುಳುವಿನ ಭಯದಲ್ಲಿ ಮೋಟರು ಹಾಕಲು ಹೋಗುತ್ತಿದ್ದ ರೈತರಿಗೆ ಹಗಲು ಕರೆಂಟು ನಿಜವಾದ ಬಿಡುಗಡೆ. ಸ್ಥಾವರಗಳನ್ನು ಹೂಡಿಕೆದಾರ ಕಂಪನಿಗಳು ಕಟ್ಟುವುದರಿಂದ ವಿಕೇಂದ್ರೀಕರಣ ಇಲ್ಲಿ ಸಾಧ್ಯವಾಗುತ್ತದೆ, ಒಡೆತನ ಮಾತ್ರ ಊರಿನದಾಗುವುದಿಲ್ಲ.

ಕಾನೂನು ಅಡ್ಡಿಯಾಗಿಲ್ಲ. 2003ರ ವಿದ್ಯುತ್ ಕಾಯ್ದೆಯ ಪ್ರಕಾರ ಅಧಿಸೂಚಿತ ಗ್ರಾಮೀಣ ಪ್ರದೇಶದಲ್ಲಿ ವಿದ್ಯುತ್ ಉತ್ಪಾದಿಸಿ ಹಂಚಲು ಪರವಾನಗಿ ಬೇಡ. ಅಡ್ಡಿಯಾಗಿರುವುದು ಹಣಕಾಸು. ಕರ್ನಾಟಕದಲ್ಲಿ 10 ಅಶ್ವಶಕ್ತಿಯವರೆಗಿನ ಪಂಪ್‌ಸೆಟ್ಟಿಗೆ ವಿದ್ಯುತ್ ಉಚಿತ. 2023ರಿಂದ ಗೃಹಜ್ಯೋತಿಯಡಿ ಮನೆಗಳಿಗೆ ತಿಂಗಳಿಗೆ 200 ಯೂನಿಟ್‌ವರೆಗೆ ಉಚಿತ. ಬಡ ಮನೆಗೆ ಇದು ದೊಡ್ಡ ಆಸರೆ. ಆದರೆ ಜಾಲದ ಕರೆಂಟಿಗೆ ದುಡ್ಡಿಲ್ಲದಿರುವಾಗ ಊರಿನ ಸ್ಥಾವರಕ್ಕೆ ತಿಂಗಳ ವಂತಿಗೆ ಕಟ್ಟುವವರು ಸಿಗುವುದು ಕಷ್ಟ. ಸಹಾಯಧನದಷ್ಟೇ ಮೊತ್ತವನ್ನು ಊರಿನ ಸಂಘದ ಬಂಡವಾಳವಾಗಿ ತಿರುಗಿಸುವ ದಾರಿ ತೆರೆಯದ ಹೊರತು ಈ ತೊಡಕು ಬಗೆಹರಿಯದು.

ಬೇರೆಡೆ ಒಡೆತನವನ್ನು ಹೇಗೆ ಹಂಚಿದ್ದಾರೆ ಎಂಬುದಕ್ಕೆ ಡೆನ್ಮಾರ್ಕ್, ಜರ್ಮನಿಗಳ ಉದಾಹರಣೆಗಳಿವೆ. ಕೋಪನ್‌ಹೇಗನ್ ಕಡಲಂಚಿನಲ್ಲಿ 2000ದಲ್ಲಿ ನಿಂತ ಮಿಡೆಲ್‌ಗ್ರುಂಡೆನ್ ಗಾಳಿ ಸ್ಥಾವರದ 20 ಯಂತ್ರಗಳಲ್ಲಿ ಅರ್ಧ, 8,000ಕ್ಕೂ ಹೆಚ್ಚು ಸದಸ್ಯರ ಸಹಕಾರ ಸಂಘದ್ದು. ಜರ್ಮನಿಯ ಶೋನಾವ್ ಪಟ್ಟಣದವರು ಚೆರ್ನೋಬಿಲ್ ಅಣು ಸ್ಥಾವರದ ದುರಂತದ ನಂತರ ಚಳವಳಿ ಹೂಡಿ, ಎರಡು ಜನಮತಗಣನೆ ಗೆದ್ದು, 1997ರಲ್ಲಿ ಊರಿನ ವಿದ್ಯುತ್ ಜಾಲವನ್ನೇ ಕೊಂಡುಕೊಂಡರು.

ತಾಂತ್ರಿಕವಾಗಿ ಸಣ್ಣ ಸ್ಥಾವರಗಳ ದೊಡ್ಡ ತೊಂದರೆ ಹೊತ್ತಿನದು. ಬಿಸಿಲು ಮುಳುಗಿದ ಮೇಲೆ ಮನೆಯ ದೀಪಕ್ಕೆ ಬ್ಯಾಟರಿಯೋ ಜಾಲವೋ ಬೇಕೇ ಬೇಕು. ಆದ್ದರಿಂದ ಈಗಿನ ಸಮುದಾಯ ಸ್ಥಾವರಗಳು ಜಾಲವನ್ನು ತೊರೆಯುವುದಿಲ್ಲ, ಅದರೊಡನೆ ಕೊಟ್ಟು ಪಡೆಯುತ್ತವೆ. ಎರಡನೆಯದು ಆರೈಕೆ. ಫಲಕದ ಧೂಳು ಒರೆಸುವುದು, ಸುಟ್ಟ ಇನ್ವರ್ಟರ್ ಬದಲಿಸುವುದು, ಐದಾರು ವರ್ಷಕ್ಕೊಮ್ಮೆ ಹೊಸ ಬ್ಯಾಟರಿಗೆ ಹಣ ಎತ್ತಿಡುವುದು ಉದ್ಘಾಟನೆಯ ದಿನ ಯಾರಿಗೂ ನೆನಪಾಗದ ಕೆಲಸಗಳು. ಪುರದಲ್ಲಿ ಇವನ್ನು ಮಾಡಲು ತರಬೇತಿ ಪಡೆದ ಊರಿನ ಹುಡುಗರಿದ್ದರು, ಅವರಿಗೆ ಸಂಬಳವಿತ್ತು, ಲೆಕ್ಕವನ್ನು ಕೇಳುವ ಸಮಿತಿಯಿತ್ತು.