ಮನೆ ಕಟ್ಟುವ ಮುನ್ನ ಸಾಮಗ್ರಿಯ ಲೆಕ್ಕ ಕೈಯಲ್ಲಿರಲಿ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆ ಹಳೆಯದು. ಆದರೆ ಅದರ ಬಿಸಿ ಇಂದಿಗೂ ಆರಿಲ್ಲ. ಊರಂಚಿನ ಹೊಸ ಬಡಾವಣೆಗಳಲ್ಲಿ ಒಂದು ಸುತ್ತು ಹಾಕಿದರೆ, ಗೋಡೆ ಎದ್ದು ಮೋಲ್ಡ್ ಕಾಣದ, ಪಿಲ್ಲರ್‌ಗಳ ತುದಿಯಲ್ಲಿ ಕಂಬಿಗಳು ತುಕ್ಕು ಹಿಡಿಯುತ್ತಿರುವ ಮನೆಗಳು ಕಣ್ಣಿಗೆ ಬೀಳುತ್ತವೆ. ಕೆಲವು ವ್ಯಾಜ್ಯದಿಂದ ನಿಂತವು. ಇನ್ನು ಕೆಲವು ಅರ್ಧ ದಾರಿಯಲ್ಲಿ ಹಣ ಮುಗಿದು ನಿಂತವು. ಒಂದು ಕಡೆ ಬಾಡಿಗೆ, ಇನ್ನೊಂದು ಕಡೆ ಸಾಲದ ಬಡ್ಡಿ, ನಡುವೆ ಮುಗಿಯದ ಮನೆ. ಮಧ್ಯಮ ವರ್ಗದ ಕುಟುಂಬಕ್ಕೆ ಇದಕ್ಕಿಂತ ದೊಡ್ಡ ಸಂಕಟ ವಿರಳ.

ಈ ಸಂಕಟದ ಬೇರು ಬಹುಪಾಲು ಮೊದಲ ದಿನದ ಅಂದಾಜಿನಲ್ಲೇ ಇರುತ್ತದೆ. 'ಚದರಕ್ಕೆ ಇಷ್ಟು' ಎಂಬ ಒಂದೇ ಮಾತಿನ ಮೇಲೆ ಕೆಲಸ ಆರಂಭಿಸುವವರೇ ಹೆಚ್ಚು. ಸಾಮಗ್ರಿಗಳ ಬೆಲೆ ತಿಂಗಳಿಂದ ತಿಂಗಳಿಗೆ, ಊರಿಂದ ಊರಿಗೆ ಬದಲಾಗುತ್ತದೆ. ಆದರೆ ಒಂದು ಗೋಡೆಗೆ ಎಷ್ಟು ಬ್ಲಾಕ್ ಬೇಕು, ಒಂದು ಛಾವಣಿಗೆ ಎಷ್ಟು ಸಿಮೆಂಟ್ ಬೇಕು ಎಂಬ ಪ್ರಮಾಣ ಹಾಗೆ ಬದಲಾಗುವುದಿಲ್ಲ. ಆದ್ದರಿಂದ ಮೊದಲು ಪ್ರಮಾಣ, ಅನಂತರ ಬೆಲೆ ಎಂಬುದೇ ಅಂದಾಜಿನ ಸರಿಯಾದ ಕ್ರಮ.

ಚದರ ಎಂದರೆ ಯಾವ ಚದರ?

ನಮ್ಮಲ್ಲಿ ಒಂದು ಚದರ ಎಂದರೆ 100 ಚದರ ಅಡಿ. 30x40 ಅಡಿಯ ನಿವೇಶನ 1,200 ಚದರ ಅಡಿ ಅಥವಾ 12 ಚದರ. ಸುತ್ತ ಬಿಡಬೇಕಾದ ಜಾಗ ಕಳೆದರೆ ಕಟ್ಟಲು ಸಿಗುವುದು ಇದಕ್ಕಿಂತ ಕಡಿಮೆ. ಗುತ್ತಿಗೆದಾರರು ಹೇಳುವ ದರ ಯಾವ ವಿಸ್ತೀರ್ಣಕ್ಕೆ ಅನ್ವಯಿಸುತ್ತದೆ ಎಂಬುದೇ ಮೊದಲ ತಕರಾರು. ಬಾಲ್ಕನಿ, ಪೋರ್ಟಿಕೊ, ಮೆಟ್ಟಿಲಿನ ಮೇಲಿನ ಕೋಣೆ ಇವುಗಳಿಗೆ ಪೂರ್ಣ ದರವೋ, ಅರ್ಧ ದರವೋ? ಸಂಪು, ಕಾಂಪೌಂಡ್ ಗೋಡೆ, ಗೇಟು ಇದರೊಳಗೆ ಸೇರಿವೆಯೋ, ಇಲ್ಲವೋ? ಈ ಪ್ರಶ್ನೆಗಳಿಗೆ ಉತ್ತರ ಕರಾರು ಪತ್ರದಲ್ಲಿ ಬರಹದಲ್ಲೇ ಇರತಕ್ಕದ್ದು. ಇಬ್ಬರು ಗುತ್ತಿಗೆದಾರರು ಒಂದೇ ದರ ಹೇಳಿದರೂ ಒಳಗೊಂಡ ಕೆಲಸ ಬೇರೆಯಾದರೆ ಅಂತಿಮ ಮೊತ್ತದಲ್ಲಿ ಲಕ್ಷಗಳ ವ್ಯತ್ಯಾಸ ಬರಬಹುದು.

ಗೋಡೆಯ ಲೆಕ್ಕ

ಘನ ಕಾಂಕ್ರೀಟ್ ಬ್ಲಾಕ್‌ನ ಸಾಮಾನ್ಯ ಅಳತೆ 16 ಇಂಚು ಉದ್ದ, 8 ಇಂಚು ಎತ್ತರ. ದಪ್ಪ 4, 6 ಅಥವಾ 8 ಇಂಚು. ಗಾರೆಯ ಸಂದು ಸೇರಿಸಿದರೆ 100 ಚದರ ಅಡಿ ಗೋಡೆಗೆ ಸುಮಾರು 108 ಬ್ಲಾಕ್‌ಗಳು ಬೇಕು.

ಉದಾಹರಣೆಗೆ 10x12 ಅಡಿಯ ಕೋಣೆಯನ್ನು ತೆಗೆದುಕೊಳ್ಳೋಣ. ನಾಲ್ಕು ಗೋಡೆಗಳ ಒಟ್ಟು ಉದ್ದ 44 ಅಡಿ. ಎತ್ತರ 10 ಅಡಿ ಎಂದಾದರೆ 440 ಚದರ ಅಡಿ. 3x7 ಅಡಿಯ ಒಂದು ಬಾಗಿಲು, 4x4 ಅಡಿಯ ಎರಡು ಕಿಟಕಿಗಳಿಗೆ 53 ಚದರ ಅಡಿ ಕಳೆದರೆ ಉಳಿಯುವುದು 387. ಇದಕ್ಕೆ ಸುಮಾರು 418 ಬ್ಲಾಕ್. ಒಡೆದು ಹೋಗುವುದಕ್ಕೆಂದು ಶೇ 4ರಷ್ಟು ಸೇರಿಸಿದರೆ 435. ಪಕ್ಕದ ಕೋಣೆಗೂ ಸೇರಿದ ಗೋಡೆಯನ್ನು ಎರಡು ಬಾರಿ ಎಣಿಸದಂತೆ ಎಚ್ಚರ ವಹಿಸಬೇಕು.

6 ಇಂಚಿನ ಬ್ಲಾಕ್ ಗೋಡೆಗೆ ಒಂದು ಪಾಲು ಸಿಮೆಂಟಿಗೆ ಆರು ಪಾಲು ಮರಳಿನ ಗಾರೆ ಬಳಸಿದರೆ, 100 ಚದರ ಅಡಿಗೆ ಮುಕ್ಕಾಲರಿಂದ ಒಂದು ಚೀಲ ಸಿಮೆಂಟ್ ಸಾಕು. ಒಳಗೋಡೆಯ ತೆಳು ಪ್ಲಾಸ್ಟರಿಂಗ್‌ಗೂ ಹೆಚ್ಚುಕಡಿಮೆ ಇಷ್ಟೇ. ಆದರೆ ಗೋಡೆಗೆ ಎರಡು ಮುಖಗಳಿವೆ ಎಂಬುದನ್ನು ಮರೆಯುವಂತಿಲ್ಲ. ಕೂಲಿ ಗುತ್ತಿಗೆಯಲ್ಲಿ ಬಾಗಿಲು ಕಿಟಕಿಗಳ ಜಾಗವನ್ನು ಕಳೆಯುವ ಬಗ್ಗೆಯೂ ಜಗಳ ಸಾಮಾನ್ಯ. ಅಳತೆಯ ವಿಧಾನಕ್ಕೆಂದೇ ಭಾರತೀಯ ಮಾನಕ ಐ.ಎಸ್. 1200 ಇದೆ. ಅದನ್ನು ಅನುಸರಿಸುವುದಾಗಿ ಕರಾರಿನಲ್ಲಿ ಒಂದು ಸಾಲು ಬರೆಸಿದರೆ ವಿವಾದ ತಪ್ಪುತ್ತದೆ.

ಮೋಲ್ಡ್‌ಗೆ ಎಷ್ಟು?

ಒಂದೇ ದಿನದಲ್ಲಿ ಅತಿ ಹೆಚ್ಚು ಸಾಮಗ್ರಿ ಬೇಡುವ ಕೆಲಸ ಛಾವಣಿಯದು. ಆರ್‌ಸಿಸಿ ಕೆಲಸಕ್ಕೆ ಎಂ-20 ದರ್ಜೆಗಿಂತ ಕಡಿಮೆಯ ಕಾಂಕ್ರೀಟ್ ಕೂಡದು ಎಂದು ಐ.ಎಸ್. 456 ಹೇಳುತ್ತದೆ. ಸಾಂಪ್ರದಾಯಿಕವಾಗಿ ಇದರ ಮಿಶ್ರಣ ಒಂದು ಪಾಲು ಸಿಮೆಂಟ್, ಒಂದೂವರೆ ಪಾಲು ಮರಳು, ಮೂರು ಪಾಲು ಜಲ್ಲಿ. ಈ ಪ್ರಮಾಣದಲ್ಲಿ ಒಂದು ಘನ ಮೀಟರ್, ಅಂದರೆ ಸುಮಾರು 35 ಘನ ಅಡಿ ಕಾಂಕ್ರೀಟ್‌ಗೆ 50 ಕೆ.ಜಿ.ಯ 8 ಚೀಲ ಸಿಮೆಂಟ್, 15 ಘನ ಅಡಿ ಮರಳು, 30 ಘನ ಅಡಿ ಜಲ್ಲಿ ಬೇಕಾಗುತ್ತದೆ.

9 ಚದರದ ಛಾವಣಿಗೆ 5 ಇಂಚು ದಪ್ಪದ ಸ್ಲ್ಯಾಬ್ ಎಂದುಕೊಂಡರೆ ಒಟ್ಟು 375 ಘನ ಅಡಿ, ಅಂದರೆ 10.6 ಘನ ಮೀಟರ್. ಇದಕ್ಕೆ ಸುಮಾರು 85 ಚೀಲ ಸಿಮೆಂಟ್, 160 ಘನ ಅಡಿ ಎಂ-ಸ್ಯಾಂಡ್, 320 ಘನ ಅಡಿ ಜಲ್ಲಿ. ಕಂಬಿಯನ್ನು ಘನ ಮೀಟರಿಗೆ 80 ಕೆ.ಜಿ.ಯಂತೆ ಹಿಡಿದರೆ 850 ಕೆ.ಜಿ. ತೊಲೆ, ಸಜ್ಜಾಗಳ ಲೆಕ್ಕ ಬೇರೆ. ಕಂಬಿಯ ಈ ಅಂಕಿ ಬಜೆಟ್‌ಗೆ ಮಾತ್ರ. ಎಲ್ಲಿ, ಯಾವ ಗಾತ್ರದ, ಎಷ್ಟು ಕಂಬಿ ಎಂಬುದನ್ನು ಸ್ಟ್ರಕ್ಚರಲ್ ಎಂಜಿನಿಯರರ ನಕ್ಷೆಯೇ ನಿರ್ಧರಿಸಬೇಕು. ಮೇಸ್ತ್ರಿಯ ಅನುಭವ ಎಷ್ಟೇ ದೊಡ್ಡದಿದ್ದರೂ ಈ ವಿಷಯದಲ್ಲಿ ಅದು ನಕ್ಷೆಗೆ ಬದಲಿಯಾಗದು.

ಬಂದ ಸಾಮಗ್ರಿಯ ಪರೀಕ್ಷೆ

ಅಂದಾಜು ಸರಿಯಿದ್ದರೂ ಅಳತೆಯಲ್ಲಿ ಮೋಸವಾದರೆ ಲೆಕ್ಕ ತಪ್ಪುತ್ತದೆ. ಕಂಬಿಯ ತೂಕ ತಿಳಿಯಲು ಸುಲಭ ಸೂತ್ರವಿದೆ: ಮಿಲಿಮೀಟರ್ ವ್ಯಾಸವನ್ನು ಅದರಿಂದಲೇ ಗುಣಿಸಿ 162ರಿಂದ ಭಾಗಿಸಿದರೆ ಒಂದು ಮೀಟರಿನ ತೂಕ ಕೆ.ಜಿ.ಯಲ್ಲಿ ಸಿಗುತ್ತದೆ. ಅದರಂತೆ 12 ಮೀಟರ್ ಉದ್ದದ ಒಂದು ಕಂಬಿ 8 ಮಿ.ಮೀ. ಆದರೆ ಸುಮಾರು 4.7 ಕೆ.ಜಿ., 10 ಮಿ.ಮೀ. ಆದರೆ 7.4 ಕೆ.ಜಿ., 12 ಮಿ.ಮೀ. ಆದರೆ 10.7 ಕೆ.ಜಿ. ತೂಗಬೇಕು. ಕಂಬಿಗಳನ್ನು ಎಣಿಸಿ ಗುಣಿಸಿದರೆ ವೇಬ್ರಿಜ್ ಚೀಟಿಯ ನಿಜ ತಿಳಿಯುತ್ತದೆ. ಮಾನಕವೇ ಅಲ್ಪ ವ್ಯತ್ಯಾಸಕ್ಕೆ ಅವಕಾಶ ನೀಡಿರುವುದರಿಂದ ಸಣ್ಣ ಅಂತರಕ್ಕೆ ಗಾಬರಿ ಬೇಡ.

ಮರಳು, ಜಲ್ಲಿಯನ್ನು 'ಲೋಡ್' ಲೆಕ್ಕದಲ್ಲಿ ಕೊಳ್ಳುವುದು ಅಪಾಯಕಾರಿ. ಲಾರಿಯ ತೊಟ್ಟಿಯ ಒಳ ಅಳತೆ 12 ಅಡಿ ಉದ್ದ, 7 ಅಡಿ ಅಗಲ ಇದ್ದು, ಎರಡೂವರೆ ಅಡಿ ಎತ್ತರಕ್ಕೆ ತುಂಬಿದ್ದರೆ 210 ಘನ ಅಡಿ. ಎರಡೇ ಅಡಿ ತುಂಬಿದ್ದರೆ 168 ಮಾತ್ರ. ಅರ್ಧ ಅಡಿಯಲ್ಲಿ ಐದನೇ ಒಂದು ಪಾಲು ಮಾಯ. ಇಳಿಸುವ ಮುನ್ನ ಟೇಪು ಹಿಡಿಯಲು ಸಂಕೋಚ ಪಡಬೇಕಿಲ್ಲ.

ತೇವದ ಮರಳು ಉಬ್ಬುತ್ತದೆ ಎಂಬುದೂ ನೆನಪಿರಲಿ. ಸ್ವಲ್ಪ ತೇವವಿದ್ದರೂ ಅದರ ಗಾತ್ರ ಶೇ 20ರಿಂದ 30ರಷ್ಟು ಹೆಚ್ಚಬಹುದು. ಬಕೆಟ್‌ನಲ್ಲಿ ಮರಳು ತುಂಬಿ, ನೀರು ಹೊಯ್ದು ಕಲಕಿ ಬಿಟ್ಟರೆ ಮಟ್ಟ ಎಷ್ಟು ಕುಸಿಯುತ್ತದೆ ಎಂಬುದರಿಂದ ಇದು ಗೊತ್ತಾಗುತ್ತದೆ. ತೂಕದ ಲೆಕ್ಕದಲ್ಲಿ ಕೊಂಡರೆ ಗಾತ್ರದ ಈ ಉಬ್ಬು ಕಾಡದು; ಆಗ ನೀರಿನ ತೂಕಕ್ಕೂ ಹಣ ತೆರುತ್ತೇವೆ ಎಂಬ ಅರಿವಿರಬೇಕು.

ಪಟ್ಟಿಗೆ ಬಾರದ ಖರ್ಚುಗಳು

ಅಂದಾಜನ್ನು ಕೆಡಿಸುವುದು ದೊಡ್ಡ ಬಾಬತ್ತುಗಳಿಗಿಂತ ಹೆಚ್ಚಾಗಿ ಮರೆತ ಸಣ್ಣ ಬಾಬತ್ತುಗಳು. ನಕ್ಷೆ ಮಂಜೂರಾತಿ ಶುಲ್ಕ, ಕಾರ್ಮಿಕ ಕಲ್ಯಾಣ ಸೆಸ್, ತಾತ್ಕಾಲಿಕ ವಿದ್ಯುತ್ ಸಂಪರ್ಕ, ಕ್ಯೂರಿಂಗ್‌ಗೆ ನೀರು, ಕೊಳವೆಬಾವಿ, ಒಳಚರಂಡಿ ಸಂಪರ್ಕ ಇವೆಲ್ಲ ಪಟ್ಟಿಯಲ್ಲಿರಲಿ. ಬೆಂಗಳೂರಿನಲ್ಲಿ ಜಲಮಂಡಳಿ ಕಾಯ್ದೆಗೆ 2009ರಲ್ಲಿ ತಂದ ತಿದ್ದುಪಡಿಯ ಬಳಿಕ 30x40 ನಿವೇಶನದ ಹೊಸ ಮನೆಗೂ ಮಳೆನೀರು ಕೊಯ್ಲು ಕಡ್ಡಾಯವಾಗಿದೆ. ಅದರ ವೆಚ್ಚವನ್ನೂ ಸೇರಿಸಬೇಕು. ಕಪ್ಪು ಮಣ್ಣಿನ ಪ್ರದೇಶದಲ್ಲಿ ಪಾಯದ ವೆಚ್ಚವೇ ಲೆಕ್ಕ ಮೀರಬಹುದಾದ್ದರಿಂದ ಮಣ್ಣಿನ ಪರೀಕ್ಷೆ ಮೊದಲೇ ಆಗಬೇಕು.

ತೆರಿಗೆಯ ಬದಲಾವಣೆಯೂ ಲೆಕ್ಕಕ್ಕೆ ಬರುತ್ತದೆ. ಸಿಮೆಂಟ್ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 28ರ ಬದಲು ಶೇ 18ಕ್ಕೆ ಇಳಿದಿದೆ. ಅದಕ್ಕೂ ಹಿಂದಿನ ಅಂದಾಜು ಪಟ್ಟಿಯನ್ನೇ ಯಾರಾದರೂ ಮುಂದಿಟ್ಟರೆ ಪರಿಷ್ಕರಿಸುವಂತೆ ಕೇಳಬೇಕು. ದರ ತಾಳೆ ನೋಡಲು ಲೋಕೋಪಯೋಗಿ ಇಲಾಖೆಯ ದರಪಟ್ಟಿ ಒಂದು ಆಧಾರ. ಅಂತಿಮ ಮಾತು ಸ್ಥಳೀಯ ಮಾರುಕಟ್ಟೆಯದೇ.

ಹಣ ಯಾವಾಗ ಬೇಕು?

ಒಟ್ಟು ಎಷ್ಟು ಎಂಬುದರಷ್ಟೇ ಮುಖ್ಯ, ಯಾವ ಹಂತಕ್ಕೆ ಎಷ್ಟು ಎಂಬುದು. ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ 30 ಲಕ್ಷ ರೂಪಾಯಿವರೆಗಿನ ಗೃಹಸಾಲ ಗರಿಷ್ಠ ಶೇ 90ರಷ್ಟು ಮೌಲ್ಯಕ್ಕೆ ಮಾತ್ರ ಸಿಗುತ್ತದೆ. 30ರಿಂದ 75 ಲಕ್ಷದವರೆಗೆ ಮಿತಿ ಶೇ 80. ಉಳಿದದ್ದು ನಮ್ಮ ಕೈಯಿಂದಲೇ. ಅದರ ಮೇಲೆ ಬ್ಯಾಂಕುಗಳು ಸಾಲವನ್ನು ಪಾಯ, ಲಿಂಟಲ್, ಮೋಲ್ಡ್ ಹೀಗೆ ಹಂತ ಮುಗಿದಂತೆ ಬಿಡುಗಡೆ ಮಾಡುತ್ತವೆ. ಸಾಮಗ್ರಿ ಮೊದಲು ಬೇಕು, ಕಂತು ಅನಂತರ ಬರುತ್ತದೆ. ಈ ನಡುವಿನ ವಾರಗಳಿಗೆ ಕೈಯಲ್ಲಿ ಹಣವಿಲ್ಲದಿದ್ದರೆ ಕೆಲಸ ನಿಲ್ಲುತ್ತದೆ, ಕೆಲಸಗಾರರು ಬೇರೆಡೆ ಹೋಗುತ್ತಾರೆ.

ಆದ್ದರಿಂದ ಪ್ರತಿ ಹಂತಕ್ಕೂ ಪ್ರತ್ಯೇಕ ಹಾಳೆಯಲ್ಲಿ ಸಾಮಗ್ರಿ, ಕೂಲಿ, ಮೊತ್ತ ಬರೆದಿಡುವುದು ಲೇಸು. ಗುತ್ತಿಗೆದಾರರಿಗೆ ಮುಗಿದ ಕೆಲಸಕ್ಕಷ್ಟೇ ಹಣ ಸಲ್ಲಿಸಬೇಕು. ಒಟ್ಟು ಅಂದಾಜಿನ ಮೇಲೆ ಕನಿಷ್ಠ ಶೇ 10ರಷ್ಟು ಮೊತ್ತ ಮುಟ್ಟದೆ ಉಳಿದಿರಲಿ. ಇಷ್ಟು ಮಾಡಿದ ಮೇಲೂ ಲೆಕ್ಕ ಕೈಗೆ ಎಟುಕದಿದ್ದರೆ, ನಕ್ಷೆಯಲ್ಲೇ ಒಂದು ಕೋಣೆ ಕಡಿಮೆ ಮಾಡುವುದು ಅವಮಾನವಲ್ಲ. ಕಾಗದದ ಮೇಲೆ ಅಳಿಸಿದ ಗೋಡೆಗೆ ಖರ್ಚಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚಿದ ಮನೆಗೆ ಗೃಹಪ್ರವೇಶದ ದಿನವಾದರೂ ಖಚಿತವಾಗಿರುತ್ತದೆ.