ಭೂಗರ್ಭದ ಗಾರೆಯೂ ಅಳತೆಯ ಸಾಧನಗಳೂ: ಒಂದು ಐತಿಹಾಸಿಕ ಸಮೀಕ್ಷೆ

ಬಾಗಲವಾಡವನ್ನೊಳಗೊಂಡ ಮಾನ್ವಿ-ದೇವದುರ್ಗ ಸೀಮೆಯ ಆಧುನಿಕ ಚರಿತ್ರೆಯನ್ನು ಬರೆಯುವವರು ಅಣೆಕಟ್ಟು, ಕಾಲುವೆಗಳ ಚರಿತ್ರೆಯನ್ನು ಬದಿಗಿರಿಸಲಾರರು. 1945ರಲ್ಲಿ ಶಂಕುಸ್ಥಾಪನೆಗೊಂಡ ತುಂಗಭದ್ರಾ ಅಣೆಕಟ್ಟಿನಿಂದ 1953ರಲ್ಲಿ ಕಾಲುವೆಗೆ ನೀರು ಹರಿದುದು ಇಲ್ಲಿನ ಬದುಕಿನಲ್ಲಿ ಒಂದು ಯುಗಸಂಧಿ. ಆದರೆ ನಮ್ಮ ಬರವಣಿಗೆ ಕಣ್ಣಿಗೆ ಕಾಣುವ ಗೋಡೆಯಲ್ಲಿಯೇ ನಿಂತುಬಿಡುತ್ತದೆ. ಗೋಡೆಯ ಕೆಳಗಿನ ನೆಲದ ಕಥೆ ಬೇರೆಯೇ ಇದೆ. ಅದನ್ನು ಮನುಷ್ಯನು ಅಳೆಯಲು ಕಲಿತ ಬಗೆಯನ್ನು ವಿವೇಚಿಸುವುದೇ ಪ್ರಕೃತ ಲೇಖನದ ಉದ್ದೇಶ.

ನೆಲದಲ್ಲಿ ರಂಧ್ರ ಕೊರೆದು, ಸಿಮೆಂಟು ಬೆರೆತ ತೆಳುಗಾರೆಯನ್ನು ಒತ್ತಡದಿಂದ ತುಂಬಿ, ಬಿರುಕುಗಳನ್ನು ಮುಚ್ಚುವ ಕ್ರಮಕ್ಕೆ ಗ್ರೌಟಿಂಗ್ ಎಂದು ಹೆಸರು. ಫ್ರಾನ್ಸಿನ ಡಿಯೆಪ್ ಬಂದರಿನಲ್ಲಿ 1802ರಲ್ಲಿ ಶಾರ್ಲ್ ಬೆರಿನ್ಯಿಯು ಜೇಡಿ ಮತ್ತು ಸುಣ್ಣದಿಂದ ಇದನ್ನು ಮಾಡಿದನು. ಬಹುಕಾಲ ಅಳತೆಯೆಂದರೆ ಖಾಲಿಯಾದ ಚೀಲಗಳ ಎಣಿಕೆ, ಒತ್ತಡಮಾಪಕದ ಮುಳ್ಳು, ಮೇಸ್ತ್ರಿಯ ಅನುಭವ, ಇಷ್ಟೆ. 1933ರಲ್ಲಿ ಸ್ವಿಸ್ ಭೂವಿಜ್ಞಾನಿ ಮಾರಿಸ್ ಲ್ಯುಜಿಯೋನನು ಇದಕ್ಕೊಂದು ಮಾನವನ್ನು ಕೊಟ್ಟನು: 10 ವಾಯುಭಾರದ ಒತ್ತಡದಲ್ಲಿ ರಂಧ್ರದ ಪ್ರತಿ ಮೀಟರಿಗೆ ನಿಮಿಷಕ್ಕೆ ಒಂದು ಲೀಟರು ನೀರು ಹೀರಲ್ಪಟ್ಟರೆ ಅದು ಒಂದು ಲ್ಯುಜಿಯೋನ್.

ಗಾರೆಯ ಹರಿವನ್ನು ಅಳೆಯುವುದು ಇನ್ನೂ ಕಷ್ಟವಾಗಿತ್ತು. ತಿರುಗುವ ಚಕ್ರದ ಮಾಪಕಗಳು ಸಿಮೆಂಟಿನಿಂದ ಕಟ್ಟಿಕೊಳ್ಳುತ್ತಿದ್ದುವು. ಕಾಂತಕ್ಷೇತ್ರದಲ್ಲಿ ಹರಿಯುವ ದ್ರವದಲ್ಲಿ ವಿದ್ಯುತ್ ಹುಟ್ಟುವುದೆಂಬ ತತ್ತ್ವವನ್ನು ಫ್ಯಾರಡೆಯು 1832ರಲ್ಲಿಯೇ ಥೇಮ್ಸ್ ನದಿಯಲ್ಲಿ ಪರೀಕ್ಷಿಸಲೆತ್ನಿಸಿ ವಿಫಲನಾಗಿದ್ದನು. ಈ ತತ್ತ್ವದ ಮಾಪಕಗಳು 1950ರ ದಶಕದಲ್ಲಿ ಬಳಕೆಗೆ ಬಂದುವು. ಅವುಗಳಲ್ಲಿ ಚಲಿಸುವ ಭಾಗವಿಲ್ಲವಾದ್ದರಿಂದ ಗಾರೆಗೆ ಅವು ಒಗ್ಗಿದುವು. ವಿದ್ಯುನ್ಮಾನ ಒತ್ತಡಮಾಪಕವೂ ಗಣಕಯಂತ್ರವೂ ಜೊತೆಗೂಡಿದ ಮೇಲೆ ಒತ್ತಡ, ಹರಿವು, ಒಟ್ಟು ಪ್ರಮಾಣಗಳು ಕ್ಷಣಕ್ಷಣಕ್ಕೂ ದಾಖಲಾದುವು. 1993ರಲ್ಲಿ ಲೊಂಬಾರ್ಡಿ ಮತ್ತು ಡೀರ್ ಅವರು ಒತ್ತಡ-ಪ್ರಮಾಣಗಳ ಗುಣಲಬ್ಧಕ್ಕೆ ಮಿತಿ ಹಾಕುವ ವಿಧಾನವನ್ನು ಮಂಡಿಸಿದರು; ಅದಕ್ಕೆ ಇಂಥ ದಾಖಲೆ ಬಹಳ ಉಪಕಾರಿಯಾಯಿತು.

ಕರ್ನಾಟಕದಲ್ಲಿ ಇದರ ಮಹತ್ತ್ವವನ್ನು ಬೆಂಗಳೂರಿನ ಮೆಟ್ರೋ ಸುರಂಗಗಳಲ್ಲಿ ಕಾಣಬಹುದು. ಅಲ್ಲಿನ ನೆಲದಲ್ಲಿ ಗಟ್ಟಿ ಬಂಡೆಯೂ ಶಿಥಿಲ ಮಣ್ಣೂ ಬೆರೆತಿವೆ. ಕೊರೆಯುವ ಯಂತ್ರ ಮುಂದೆ ಸಾಗಿದಂತೆ ಸುರಂಗದ ಉಂಗುರಕ್ಕೂ ನೆಲಕ್ಕೂ ನಡುವೆ ಉಳಿಯುವ ತೆರಪನ್ನು ಗಾರೆಯಿಂದ ತುಂಬಬೇಕು. ಕಡಿಮೆಯಾದರೆ ನೆಲ ಕುಸಿಯುತ್ತದೆ, ಒತ್ತಡ ಮೀರಿದರೆ ಉಬ್ಬುತ್ತದೆ. ಇಂಥ ಭೂಗತ ಮಾರ್ಗದ ಮೊದಲ ಭಾಗ 2016ರಲ್ಲಿ ತೆರೆಯಿತು. ಮುಂದೆ 2023ರ ಜನವರಿಯಲ್ಲಿ, ಸುರಂಗದ ಕಾಮಗಾರಿ ನಡೆದಿದ್ದ ಮಾರ್ಗದಲ್ಲಿ, ಬ್ರಿಗೇಡ್ ರಸ್ತೆಯಲ್ಲಿ ಹೊಂಡ ಬಿದ್ದುದು ಅಗೋಚರ ನೆಲದ ಸ್ವಭಾವವನ್ನು ನೆನಪಿಸಿತು.

ಇದರಿಂದ ವಿದಿತವಾಗುವುದೇನು? ಗಾರೆ ಎಷ್ಟು ಹೋಯಿತು, ಎಷ್ಟು ಒತ್ತಡದಲ್ಲಿ ಹೋಯಿತು ಎಂಬುದನ್ನು ಮಾಪಕ ಹೇಳುತ್ತದೆ. ಎಲ್ಲಿಗೆ ಹೋಯಿತೆಂಬುದನ್ನು ಹೇಳುವುದಿಲ್ಲ. ಹೆಚ್ಚು ಗಾರೆ ಹಿಡಿದ ರಂಧ್ರ ತುಂಬಿರಲೂಬಹುದು, ಗಾರೆ ದೂರಕ್ಕೆ ಸೋರಿರಲೂಬಹುದು. ಆದ್ದರಿಂದಲೇ ಮರಳಿ ರಂಧ್ರ ಕೊರೆದು ನೀರಿನ ಪರೀಕ್ಷೆ ಮಾಡುವ ಹಳೆಯ ಪದ್ಧತಿ ಇಂದಿಗೂ ಉಳಿದಿದೆ. ಶಾಸನದ ಅಕ್ಷರವನ್ನು ಸ್ಪಷ್ಟವಾಗಿ ಓದಿದ ಮಾತ್ರಕ್ಕೆ ಅದರ ಅರ್ಥ ನಿರ್ಣಯವಾಗದೆಂಬುದು ಚರಿತ್ರಕಾರರಿಗೆ ತಿಳಿದ ಸಂಗತಿಯೇ.

ಮುಂದೊಂದು ದಿನ ಅಣೆಕಟ್ಟಿನ ತಳ ಸೋರಿದರೆ ದುರಸ್ತಿ ಮಾಡುವವರಿಗೆ ಮೊದಲ ಸಾಕ್ಷಿ ಈ ದಾಖಲೆಗಳೇ. ಹಳೆಯ ಕಾಗದವನ್ನು ಗೆದ್ದಲು ತಿಂದೀತು. ಹೊಸ ದಾಖಲೆ ಅದನ್ನು ಓದುವ ಯಂತ್ರವೇ ಇಲ್ಲದೆ ಮೂಕವಾದೀತು. ದೇವಾಲಯದ ಶಾಸನಗಳಿಗೆ ತೋರುವ ಆಸ್ಥೆಯನ್ನು ಈ ದಾಖಲೆಗಳ ಸಂರಕ್ಷಣೆಯಲ್ಲಿಯೂ ತೋರುವುದು ಚರಿತ್ರಕಾರರ ಕರ್ತವ್ಯವಾಗಿದೆ.